ಹೆಪ್ಪು, ರೊಟ್ಟಿ, ಬೇಳೆಕಟ್ಟು: ಸೂಕ್ಷ್ಮಜೀವಿಗಳು ಯಾವಾಗ ಬೆಳೆಯುತ್ತವೆ, ಯಾವಾಗ ನಿಲ್ಲುತ್ತವೆ ಎಂದು ಮನೆಯಲ್ಲೇ ನೋಡುವ ಸಮಗ್ರ ಮಾರ್ಗದರ್ಶಿ

ಹಿಟ್ಟು ಒಂದೇ, ಹಂಚು ಒಂದೇ. ಆದರೂ ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಮೂರ್ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಅದನ್ನೇ ಒಣಗಿಸಿ ಖಡಕ್ ಮಾಡಿಟ್ಟರೆ ತಿಂಗಳಾದರೂ ಏನೂ ಆಗುವುದಿಲ್ಲ. ಹುಬ್ಬಳ್ಳಿ, ಗದಗದಿಂದ ಖಡಕ್ ರೊಟ್ಟಿಯ ಕಟ್ಟುಗಳು ಬೆಂಗಳೂರು, ಪುಣೆಗೆ ಹೋಗುವುದು ಇದೇ ಧೈರ್ಯದ ಮೇಲೆ. ಬೂಷ್ಟಿನ ಬೀಜಕಗಳು ಎರಡೂ ರೊಟ್ಟಿಯ ಮೇಲೆ ಬಿದ್ದಿರುತ್ತವೆ, ಗಾಳಿಯಲ್ಲಿ ಅವು ಎಲ್ಲೆಲ್ಲೂ ಇವೆ. ಒಂದು ಕಡೆ ಮೊಳೆಯಲು ನೀರು ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ.

ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿರ್ಧರಿಸುವ ಸಂಗತಿಗಳು ಮುಖ್ಯವಾಗಿ ಇವು: ಆಹಾರ, ನೀರು, ಉಷ್ಣತೆ, ಹುಳಿ, ಉಪ್ಪು-ಸಕ್ಕರೆ, ಗಾಳಿ, ಬೆಳಕು, ಮತ್ತೆ ಸಮಯ. ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಉಷ್ಣತೆಗೆ ಮೊದಲ ಸ್ಥಾನ. ನನ್ನ ಪ್ರಕಾರ ನಮ್ಮ ಸೀಮೆಯಲ್ಲಿ ಆ ಸ್ಥಾನ ನೀರಿಗೆ ಸಲ್ಲಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡಾ ಇವೆಲ್ಲ ಸೂಕ್ಷ್ಮಜೀವಿಗಳಿಗೆ ನೀರು ಸಿಗದಂತೆ ಮಾಡಿ ಉಳಿಸಿಕೊಂಡ ತಿನಿಸುಗಳೇ. ಆದರೂ ಕಲಿಯಲು ಮೊಸರಿನಿಂದ ಶುರು ಮಾಡೋಣ. ಒಂದೇ ರಾತ್ರಿಯಲ್ಲಿ ಫಲ ಕಾಣುತ್ತದೆ.

ಈ ಮಾರ್ಗದರ್ಶಿ ಹೈಸ್ಕೂಲು, ಪಿಯು ಮಕ್ಕಳಿಗೆ, ಅವರ ಶಿಕ್ಷಕರಿಗೆ, ಮತ್ತು ಅಡುಗೆಮನೆಯಲ್ಲಿ ಕುತೂಹಲ ಇಟ್ಟುಕೊಂಡವರಿಗೆ.

ಶುರು ಮಾಡುವ ಮುನ್ನ

ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಒಂದು ಬಟ್ಟಲನ್ನು ಫ್ರಿಜ್‌ನಲ್ಲಿ ಇಟ್ಟು, ಅದಕ್ಕೆ ಹೆಪ್ಪನ್ನೂ ಕಡಿಮೆ ಹಾಕಿದರೆ, ಮೊಸರಾಗದೆ ಇದ್ದದ್ದು ಚಳಿಯಿಂದಲೋ ಹೆಪ್ಪಿನಿಂದಲೋ ಹೇಳಲು ಬರುವುದಿಲ್ಲ. ಬಟ್ಟಲು, ಅಳತೆ, ಹಾಲು ಎಲ್ಲ ಒಂದೇ ಇರಲಿ.

ಜೊತೆಗೆ ಪ್ರತಿ ಪ್ರಯೋಗಕ್ಕೂ ಏನೂ ಮಾಡದ ಒಂದು ಬಟ್ಟಲು ಬೇಕು. ಹೆಪ್ಪು ಹಾಕದ ಹಾಲು, ಉಪ್ಪು ಹಾಕದ ಬೇಳೆಕಟ್ಟು, ಹೀಗೆ. ಹೋಲಿಸಿ ನೋಡುವುದು ಅದರ ಜೊತೆಗೇ.

ಪ್ರಯೋಗಕ್ಕೆ ಇಟ್ಟದ್ದನ್ನು ತಿನ್ನಬೇಡಿ, ರುಚಿಯೂ ನೋಡಬೇಡಿ. ಬೂಷ್ಟು ಬಂದ ಚೀಲ ಬಿಚ್ಚಬೇಡಿ. ಉಬ್ಬಸ ಇರುವವರು ಬೂಷ್ಟಿನ ಪ್ರಯೋಗದಿಂದ ದೂರ ಇರುವುದೇ ಒಳ್ಳೆಯದು. ಗಾಯ, ಬಾಯಿ, ಬಚ್ಚಲುಮನೆಯಿಂದ ಮಾದರಿ ತೆಗೆಯುವ ಆಟ ಮನೆಯಲ್ಲಿ ಬೇಡ.

ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್ ಅಂದರೆ ಅಗರ್. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು ಅದರ ಮೇಲೇ. ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯಕ್ಕೆ ಈ ಉಪಾಯ ಕೊಟ್ಟವರು ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. ಅಡುಗೆಯಲ್ಲಿ ಅದನ್ನು ಬಳಸಿ ಗೊತ್ತಿತ್ತು ಅವರಿಗೆ. ಮುಚ್ಚಳದ ತಟ್ಟೆ ಬಂದದ್ದು 1887ರಲ್ಲಿ, ಅಲ್ಲೇ ಇದ್ದ ಜೂಲಿಯಸ್ ಪೆಟ್ರಿ ಅವರಿಂದ. ಹಾಗಂತ ಮನೆಯಲ್ಲಿ ಅಗರ್ ತಟ್ಟೆ ಮಾಡಲು ಹೋಗಬೇಡಿ. ಅದರ ಮೇಲೆ ಏನು ಬೆಳೆಯುತ್ತದೆ ಎಂದು ಮೊದಲೇ ಹೇಳಲಾಗದು. ಅದು ಕಾಲೇಜಿನ ಪ್ರಯೋಗಾಲಯದ ಕೆಲಸ.

ಬೇಕಾದ ಸಾಮಾನು: ಒಂದೇ ಅಳತೆಯ ಸ್ಟೀಲ್ ಬಟ್ಟಲುಗಳು, ಗಾಜಿನ ಲೋಟಗಳು, ಅಡುಗೆಯ ಥರ್ಮಾಮೀಟರ್, ಪಿಎಚ್ ಪಟ್ಟಿ (ಹುಳಿ ಅಳೆಯುವ ಕಾಗದ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಜಿಪ್ ಚೀಲ, ಹಾಟ್‌ಬಾಕ್ಸ್, ಫ್ಲಾಸ್ಕ್, ಒಂದು ನೋಟ್‌ಬುಕ್. ಪಿಎಚ್ ಪಟ್ಟಿ ಸಿಗದಿದ್ದರೆ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ. ಆ ನೀರು ಹುಳಿಗೆ ಕೆಂಪಾಗುತ್ತದೆ, ಸೋಡಾಕ್ಕೆ ಹಸಿರಾಗುತ್ತದೆ. ಅಂಕಿ ಸಿಗದು, ದಿಕ್ಕು ಸಿಗುತ್ತದೆ.

ಥರ್ಮಾಮೀಟರನ್ನು ಮೊದಲು ಪರೀಕ್ಷಿಸಿ. ಐಸ್ ತುಂಬಿದ ನೀರಿನಲ್ಲಿ ಅದು 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕುದಿಯುವ ನೀರಿನಲ್ಲಿ 98ರ ಆಸುಪಾಸು ಬಂದರೆ ಅಂಗಡಿಗೆ ವಾಪಸ್ ಒಯ್ಯಬೇಡಿ. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ.

ಹೆಪ್ಪಿನ ಪ್ರಯೋಗ: ಉಷ್ಣತೆ

ಒಂದು ಲೀಟರ್ ಹಾಲನ್ನು ಚೆನ್ನಾಗಿ ಕುದಿಸಿ. ಹಾಲಿನಲ್ಲಿ ಮೊದಲೇ ಇದ್ದ ಬಹುಪಾಲು ಜೀವಿಗಳು ಸಾಯುತ್ತವೆ. ಇನ್ನು ಮುಂದೆ ಕೆಲಸ ಮಾಡುವುದು ನಾವು ಹಾಕುವ ಹೆಪ್ಪು. ಒಂದೊಂದು ಪಾತ್ರೆಗೆ 100 ಮಿಲಿ ಹಾಲು, ಅರ್ಧ ಟೀ ಚಮಚ ಹೆಪ್ಪು. ಕಲಸುವುದೂ ಒಂದೇ ರೀತಿ ಇರಲಿ. ಮೊಸರು ತಾಜಾ ಇರಬೇಕು, ಮೂರು ದಿನದ ಹುಳಿ ಮೊಸರು ಬೇಡ.

ಒಂದನೆಯದು ಬಿಸಿಯದ್ದು. ಒಲೆಯಿಂದ ಇಳಿಸಿದ ಕೂಡಲೇ, ಹಾಲು 85 ಡಿಗ್ರಿಯ ಸುತ್ತ ಇರುವಾಗಲೇ, ಫ್ಲಾಸ್ಕಿಗೆ ಸುರಿದು ಹೆಪ್ಪು ಹಾಕಿ ಮುಚ್ಚಿಬಿಡಿ. ಒಂದು ಗಂಟೆಯ ನಂತರ ಬಟ್ಟಲಿಗೆ ಸುರಿದು ಕಟ್ಟೆಯ ಮೇಲೆ ಇಡಿ.

ಉಳಿದ ಹಾಲು 43 ಡಿಗ್ರಿಗೆ ಇಳಿಯಲಿ. ಎರಡನೆಯ ಬಟ್ಟಲಿಗೆ ಹೆಪ್ಪು ಹಾಕಿ ಹಾಟ್‌ಬಾಕ್ಸ್‌ನಲ್ಲಿ ಇಡಿ, ಸುತ್ತ 45 ಡಿಗ್ರಿಯ ನೀರು ಬಟ್ಟಲಿನ ಅರ್ಧದವರೆಗೆ ಇರಲಿ. ಒಂದೂವರೆ ಗಂಟೆಗೊಮ್ಮೆ ಆ ನೀರು ಬದಲಿಸಿ. ಮೂರನೆಯದೂ ಹಾಟ್‌ಬಾಕ್ಸ್‌ನಲ್ಲೇ, ಆದರೆ ಹೆಪ್ಪಿಲ್ಲದ ಹಾಲು. ನಾಲ್ಕನೆಯದನ್ನು ಅಡುಗೆಮನೆಯ ಉಷ್ಣತೆಗೆ ಬರುವಷ್ಟು ಆರಿಸಿ, ಹೆಪ್ಪು ಹಾಕಿ, ಕಟ್ಟೆಯ ಮೇಲೆ ಬಿಡಿ. ಐದನೆಯದನ್ನು ಮೊದಲು ಫ್ರಿಜ್‌ನಲ್ಲಿ ಪೂರ್ತಿ ತಣ್ಣಗೆ ಮಾಡಿ, ಆಮೇಲೆ ತಣ್ಣನೆಯ ಹೆಪ್ಪು ಹಾಕಿ, ಅಲ್ಲೇ ಇಡಿ. ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಆಮೇಲೆ ಫ್ರಿಜ್‌ಗೆ ಇಟ್ಟರೆ, ತಣ್ಣಗಾಗುವ ಮೊದಲೇ ಅವು ಕೆಲಸ ಶುರು ಮಾಡಿರುತ್ತವೆ.

ಗಂಟೆಗೊಮ್ಮೆ ಪಿಎಚ್ ನೋಡಿ ಬರೆದುಕೊಳ್ಳಿ. ಹಾಲಿನದು ಸುಮಾರು 6.7 ಇರುತ್ತದೆ. ಮೊದಲ ಒಂದೆರಡು ಗಂಟೆ ಅಂಕಿ ಅಲುಗುವುದೇ ಇಲ್ಲ ಅನ್ನಿಸುತ್ತದೆ. ಬ್ಯಾಕ್ಟೀರಿಯಾಗಳು ಹೊಸ ಜಾಗಕ್ಕೆ ಹೊಂದಿಕೊಳ್ಳುವ ಹೊತ್ತು ಅದು. ಆಮೇಲೆ ಬೇಗ ಬೇಗ ಇಳಿಯುತ್ತದೆ. 4.6ರ ಹತ್ತಿರ ಹಾಲಿನ ಕೇಸಿನ್ ಪ್ರೋಟೀನು ಗಟ್ಟಿಯಾಗುತ್ತದೆ. ಮೊಸರು ಕೂಡಿತು ಅನ್ನುವುದು ಇದನ್ನೇ. ಮುಂದೆ ಇಳಿತ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ತಾವೇ ಮಾಡಿದ ಹುಳಿಯಲ್ಲಿ ಅವೂ ಬೆಳೆಯಲಾರವು. ಈ ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಇಟ್ಟರೆ ಪುಸ್ತಕದ ಬೆಳವಣಿಗೆಯ ರೇಖೆ ತಲೆಕೆಳಗಾಗಿ ಕಾಣುತ್ತದೆ.

ಹಾಟ್‌ಬಾಕ್ಸ್‌ನ ಹಾಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಯಲ್ಲಿ ಮೊಸರಾಗುತ್ತದೆ. ಕಟ್ಟೆಯ ಮೇಲಿನದು ಕಾಲದ ಮೇಲೆ ಹೋಗುತ್ತದೆ. ಮೇ ತಿಂಗಳ ಹುಬ್ಬಳ್ಳಿಯಲ್ಲಿ ಅದು ಹಾಟ್‌ಬಾಕ್ಸ್‌ನ ಬೆನ್ನಿಗೇ ಇರುತ್ತದೆ. ಡಿಸೆಂಬರಿನ ಧಾರವಾಡದಲ್ಲಿ ಬೆಳಿಗ್ಗೆ ನೋಡಿದರೂ ನೀರುನೀರಾಗಿರಬಹುದು. ಫ್ರಿಜ್‌ನದು ಮತ್ತು ಫ್ಲಾಸ್ಕಿನದು ಎರಡೂ ಹಾಲಾಗಿಯೇ ಉಳಿದಿರುತ್ತವೆ.

ಇಲ್ಲಿಗೆ ನಿಲ್ಲಿಸಬೇಡಿ. ಫ್ರಿಜ್‌ನ ಬಟ್ಟಲನ್ನು ಹೊರಗೆ ತೆಗೆದು ಫ್ಲಾಸ್ಕಿನ ಹಾಲಿದ್ದ ಬಟ್ಟಲಿನ ಪಕ್ಕ ಇಡಿ. ಮತ್ತೆ ಹತ್ತು ಹನ್ನೆರಡು ಗಂಟೆ ಬಿಡಿ, ಚಳಿಗಾಲವಾದರೆ ಇನ್ನೂ ಜಾಸ್ತಿ. ಫ್ರಿಜ್‌ನದು ಮೊಸರಾಗುತ್ತದೆ, ಇನ್ನೊಂದು ಆಗುವುದಿಲ್ಲ. ಇಡೀ ಪ್ರಯೋಗದಲ್ಲಿ ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಚಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಸುಮ್ನೆ ತಡೆದು ನಿಲ್ಲಿಸುತ್ತದೆ. ಬಿಸಿ ಕೊಲ್ಲುತ್ತದೆ. ಫ್ರಿಜ್‌ನಲ್ಲಿಟ್ಟರೆ ಕೆಟ್ಟದ್ದು ಒಳ್ಳೆಯದಾಗುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕೆಲವಕ್ಕೆ ಚಳಿಯೂ ಲೆಕ್ಕಕ್ಕಿಲ್ಲ: ಲಿಸ್ಟೀರಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ.

ಇನ್ನೊಂದು ಮಾತು. ಮನೆಯ ಹೆಪ್ಪಿನಲ್ಲಿ ಇರುವುದು ಒಂದೇ ಜಾತಿಯಲ್ಲ. ಲ್ಯಾಕ್ಟೋಕಾಕಸ್ ಗುಂಪಿಗೆ 30 ಡಿಗ್ರಿಯ ಸುತ್ತ ಹಿತ. ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್‌ಗೆ 40ರಿಂದ 45 ಬೇಕು. ಒಂದೇ ಹೆಪ್ಪಿನ ಬೇಸಿಗೆಯ ಮೊಸರು ಒಂದು ರುಚಿ, ಚಳಿಗಾಲದ್ದು ಇನ್ನೊಂದು ರುಚಿ ಆಗುವುದರ ಹಿಂದೆ ಇದೂ ಇದೆ. ಎಷ್ಟು ಬೇಗ ಬೆಳೆಯಬೇಕು ಎಂಬುದರ ಜೊತೆಗೆ ಯಾರು ಬೆಳೆಯಬೇಕು ಎಂಬುದನ್ನೂ ಉಷ್ಣತೆಯೇ ಆರಿಸುತ್ತದೆ.

ಮದುವೆಮನೆಯ ಅನ್ನ ಮತ್ತು ಗಡಿಯಾರ

ಎಲ್ಲ ಅನುಕೂಲ ಇದ್ದರೆ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಗಂಟೆಗೆ ಮೂರು ಸಲ. ಏಳು ಗಂಟೆಗೆ 21 ಸಲ. ಒಂದರಿಂದ ಶುರುವಾಗಿ 20,97,152. ಬೆಳಿಗ್ಗೆ 11ಕ್ಕೆ ಇಳಿಸಿದ ಅಡುಗೆಯನ್ನು ಸಂಜೆ 6ಕ್ಕೆ ಉಂಡರೆ ಆಗುವ ಲೆಕ್ಕ ಇದು.

ಕುದಿಸಿದ್ದೇವಲ್ಲ ಅನ್ನಬಹುದು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಸ್ಪೋರುಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪಗಳು, ಅಕ್ಕಿಯಲ್ಲಿ ಇರುತ್ತವೆ. ಅವು ಅನ್ನ ಬೇಯುವ ಬಿಸಿಯನ್ನು ತಡೆದುಕೊಳ್ಳಬಲ್ಲವು. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಮೊಳೆತು ಬೆಳೆಯುತ್ತವೆ. ವಾಂತಿ ತರಿಸುವ ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದೊಡ್ಡ ಹಂಡೆಯಲ್ಲಿ ಮಾಡಿದ ಮಾಂಸದ ಅಡುಗೆ, ಗಟ್ಟಿ ಗ್ರೇವಿಗಳಲ್ಲಿ ಕ್ಲೋಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಕಾಟ ಕೊಡುತ್ತದೆ. ಅದು 43ರಿಂದ 45 ಡಿಗ್ರಿಯಲ್ಲಿ ಸುಮಾರು 10 ನಿಮಿಷಕ್ಕೇ ಇಮ್ಮಡಿಯಾಗಬಲ್ಲದು.

5ರಿಂದ 60 ಡಿಗ್ರಿಯ ನಡುವಿನ ಪಟ್ಟಿಯಲ್ಲಿ ಅಡುಗೆ ಕಳೆಯುವ ಹೊತ್ತು ಕಡಿಮೆ ಆಗಬೇಕು. ಬಡಿಸುವವರೆಗೆ 60ರ ಮೇಲೆ ಬಿಸಿ ಇಡಿ. ಉಳಿದದ್ದನ್ನು ಅಗಲವಾದ ಪರಾತಗಳಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಹಂಡೆ ಸಮೇತ ಮುಚ್ಚಿಟ್ಟರೆ ಒಳಗಿನ ಅನ್ನ ರಾತ್ರಿಯೆಲ್ಲ ಬೆಚ್ಚಗೇ ಇರುತ್ತದೆ. ಬೇಕಿದ್ದರೆ ಥರ್ಮಾಮೀಟರ್ ಚುಚ್ಚಿ ನೋಡಿ, ನಂಬಿಕೆ ಬರುತ್ತದೆ.

ಬೇಳೆಕಟ್ಟಿನ ಪ್ರಯೋಗ: ಹುಳಿ ಮತ್ತು ಉಪ್ಪು

ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬಸಿದ ಕಟ್ಟು ಹೇಗೂ ಇರುತ್ತದೆ. ಅದರಲ್ಲಿ ಅರ್ಧ ಲೀಟರ್ ತೆಗೆದಿಟ್ಟುಕೊಳ್ಳಿ. ತೆಳುಬಟ್ಟೆಯಲ್ಲಿ ಸೋಸಿ, ಮತ್ತೊಮ್ಮೆ ಕುದಿಸಿ, ಆರಿಸಿ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಊಟ ಸಿಗುವುದು ಕಷ್ಟ.

ನಾಲ್ಕು ಗಾಜಿನ ಲೋಟಗಳಿಗೆ 100 ಮಿಲಿಯಂತೆ ಸುರಿಯಿರಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಎರಡು ಊಟದ ಚಮಚ ಲಿಂಬೆರಸ. ಮೂರನೆಯದಕ್ಕೆ ಎರಡು ಟೀ ಚಮಚ ಉಪ್ಪು, ಅಂದರೆ ಸುಮಾರು 10 ಗ್ರಾಂ. ನಾಲ್ಕನೆಯದು ಹಾಗೇ ಫ್ರಿಜ್‌ಗೆ. ಲಿಂಬೆರಸ ಹಾಕಿದ ಕೂಡಲೇ ಕಟ್ಟು ಸ್ವಲ್ಪ ಒಡೆದು ಮಬ್ಬಾಗಬಹುದು, ಅದು ಪ್ರೋಟೀನು. ಆರಂಭದ ಬಣ್ಣವನ್ನು ಫೋಟೋ ತೆಗೆದಿಟ್ಟುಕೊಂಡರೆ ಗೊಂದಲ ಇಲ್ಲ. ಲೋಟಗಳಿಗೆ ಕಾಗದ ಮುಚ್ಚಿ, ಹಿಂದೆ ಅಚ್ಚಾದ ಅಕ್ಷರದ ಹಾಳೆ ಇಡಿ. ಲೋಟದ ಮೂಲಕ ಅಕ್ಷರ ಓದಲು ಬರುತ್ತದೆಯೇ ಎಂಬುದೇ ನಿಮ್ಮ ಅಳತೆ.

ಬೇಸಿಗೆಯಾದರೆ ಮರುದಿನಕ್ಕೇ ಮೊದಲ ಲೋಟ ಕದಡುತ್ತದೆ, ನೊರೆ ಬರುತ್ತದೆ, ದೂರದಿಂದಲೇ ನಾತ ಹೊಡೆಯುತ್ತದೆ. ಹುಳಿಯದು, ಉಪ್ಪಿನದು ಇನ್ನೂ ತಡೆದಿರುತ್ತವೆ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಬೇಕಾದ ಪಿಎಚ್ 6.5ರಿಂದ 7.5. ಲಿಂಬೆರಸ ಅದನ್ನು ತುಂಬ ಕೆಳಗೆ ಎಳೆದಿದೆ. ಆದರೆ ಹುಳಿಯ ಲೋಟವನ್ನು ಎಸೆಯಬೇಡಿ, ಇನ್ನೂ ನಾಲ್ಕೈದು ದಿನ ಇಡಿ. ಮೇಲೆ ಬಿಳಿ ಪೊರೆಯೋ ಬೂಷ್ಟೋ ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಯೀಸ್ಟ್, ಬೂಷ್ಟುಗಳಿಗೆ ಹುಳಿ ಅಷ್ಟು ಅಡ್ಡಿಯಲ್ಲ. ಬ್ಯಾಕ್ಟೀರಿಯಾಗಳು ಬಿಟ್ಟುಹೋದ ಜಾಗಕ್ಕೆ ಅವು ಬರುತ್ತವೆ.

ಕಟ್ಟಿನ ಸಾರು ಮರುದಿನವೇ ರುಚಿ ಅನ್ನುವವರು ನಮ್ಮಲ್ಲಿ ಬಹಳ ಜನ. ನಾನೂ ಆ ಪಕ್ಷದವನೇ. ಆ ಸಾರು ತಡೆಯುವುದರಲ್ಲಿ ಹುಣಸೆಹುಳಿ, ಉಪ್ಪು, ಮತ್ತೆ ಮತ್ತೆ ಕುದಿಸುವುದು ಮೂರೂ ಸೇರಿವೆ. ಒಂದೊಂದೂ ಅಷ್ಟಿಷ್ಟು ತಡೆಯುತ್ತದೆ, ಸೇರಿದಾಗ ಬಲ ಬರುತ್ತದೆ.

ರೊಟ್ಟಿಯ ಪ್ರಯೋಗ: ನೀರು

ಇದಕ್ಕೆ ಒಂದು ವಾರ ಬೇಕು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಾಡಿದರೆ ಬೇಗ ಕಾಣುತ್ತದೆ.

ಒಂದೇ ಹಿಟ್ಟಿನ ರೊಟ್ಟಿಗಳನ್ನು ನಾಲ್ಕು ಜಿಪ್ ಚೀಲಗಳಲ್ಲಿ ಹಾಕಿ. ಮೆತ್ತನೆಯ ರೊಟ್ಟಿ ಒಂದರಲ್ಲಿ. ಖಡಕ್ ರೊಟ್ಟಿ ಇನ್ನೊಂದರಲ್ಲಿ. ಮೂರನೆಯದರಲ್ಲೂ ಖಡಕ್ ರೊಟ್ಟಿ, ಆದರೆ ಎರಡು ಟೀ ಚಮಚ ನೀರು ಚಿಮುಕಿಸಿ. ನಾಲ್ಕನೆಯದರಲ್ಲಿ ಮೆತ್ತನೆಯ ರೊಟ್ಟಿ, ಅದು ಫ್ರಿಜ್‌ಗೆ. ಉಳಿದ ಮೂರು ಒಂದೇ ಕಪಾಟಿನಲ್ಲಿ ಇರಲಿ. ಚೀಲಗಳನ್ನು ಟೇಪು ಹಚ್ಚಿ ಮುಚ್ಚಿಬಿಡಿ. ಅಂಗಡಿಯ ಬ್ರೆಡ್ಡನ್ನು ಇದರ ಜೊತೆ ಹೋಲಿಸಬೇಡಿ, ಅದರಲ್ಲಿ ಬೂಷ್ಟು ತಡೆಯುವ ಪದಾರ್ಥ ಹಾಕಿರಬಹುದು.

ಅಳೆಯಲು ಪಾರದರ್ಶಕ ಹಾಳೆಯ ಮೇಲೆ ಒಂದು ಸೆಂಟಿಮೀಟರಿನ ಚೌಕ ಗೀಚಿ, ಚೀಲದ ಮೇಲೆ ಇಟ್ಟು, ಬೂಷ್ಟು ಇರುವ ಚೌಕ ಎಣಿಸಿ. ದಿನಾ ಅದೇ ಹೊತ್ತಿಗೆ.

ಮೊದಲನೆಯದು, ಮೂರನೆಯದು ಬೂಷ್ಟು ಹಿಡಿಯುತ್ತವೆ. ನಾಲ್ಕನೆಯದು ತಡವಾಗಿ. ಎರಡನೆಯದು ಹಾಗೇ ಇರುತ್ತದೆ. ಮೂರನೆಯದನ್ನು ಸರಿಯಾಗಿ ನೋಡಿ. ಖಡಕ್ ರೊಟ್ಟಿಗೆ ತನ್ನದೇ ಆದ ರಕ್ಷಣೆ ಏನೂ ಇರಲಿಲ್ಲ, ಇದ್ದದ್ದು ಬರೀ ಒಣಗುತನ.

ಇದನ್ನು ಅಳೆಯಲು ವಿಜ್ಞಾನಿಗಳು 0ರಿಂದ 1ರವರೆಗಿನ ಒಂದು ಮಾಪಕ ಬಳಸುತ್ತಾರೆ. ನೀರಿನ ಲಭ್ಯತೆ ಅನ್ನೋಣ. ಶುದ್ಧ ನೀರಿಗೆ 1. ಸುಮಾರು 0.91ರ ಕೆಳಗೆ ಬಹುತೇಕ ಬ್ಯಾಕ್ಟೀರಿಯಾಗಳು ನಿಲ್ಲುತ್ತವೆ. 0.88ರ ಕೆಳಗೆ ಬಹುತೇಕ ಯೀಸ್ಟ್. 0.80ರ ಕೆಳಗೆ ಬಹುತೇಕ ಬೂಷ್ಟು. 0.60ರ ಕೆಳಗೆ ಯಾವುದೂ ಬೆಳೆಯುವುದಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಒಂದು ತಂಟೆಕೋರ, 0.86ರವರೆಗೂ ಬೆಳೆಯಬಲ್ಲದು, ಉಪ್ಪಿಗೂ ಜಗ್ಗುವುದಿಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಸೂಕ್ಷ್ಮಜೀವಿಗೆ ಸಿಗುವ ನೀರು ಮಾತ್ರ. ಜೇನುತುಪ್ಪ ಹರಿಯುತ್ತದೆ, ಆದರೂ ಕೆಡುವುದಿಲ್ಲ. ಅದರ ನೀರನ್ನು ಸಕ್ಕರೆ ಹಿಡಿದಿಟ್ಟುಕೊಂಡಿದೆ. ಉಪ್ಪೂ ಹೀಗೇ ಕೆಲಸ ಮಾಡುತ್ತದೆ. ಧಾರವಾಡ ಪೇಡಾ ಮಾಡುವಾಗ ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು ನೀರು ಹಾರಿಸುತ್ತಾರೆ, ಉಳಿದದ್ದಕ್ಕೆ ಸಕ್ಕರೆ ಕಟ್ಟುತ್ತಾರೆ. ಒಂದೇ ದಿನಕ್ಕೆ ಒಡೆಯುವ ಹಾಲು ಹಾಗೆ ಊರೂರಿಗೆ ಪ್ರಯಾಣ ಮಾಡುತ್ತದೆ.

ಅಳ್ನಾವರದಲ್ಲೋ ಕಲಘಟಗಿಯಲ್ಲೋ ನೆಂಟರಿದ್ದರೆ, ಜುಲೈನಲ್ಲಿ ಅವರ ಮನೆಯಲ್ಲೂ ರೋಣದ ಕಡೆಯ ಒಂದು ಮನೆಯಲ್ಲೂ ಒಂದೇ ದಿನ ಒಂದೊಂದು ಖಡಕ್ ರೊಟ್ಟಿ ಚೀಲವಿಲ್ಲದೆ ತೆರೆದಿಡಲು ಹೇಳಿ. ಮಲೆನಾಡಿನ ಸೆರಗಿನ ಗಾಳಿ ರೊಟ್ಟಿಯನ್ನು ಬೇಗ ಮೆತ್ತಗೆ ಮಾಡುತ್ತದೆ. ಬಯಲುಸೀಮೆಯಲ್ಲಿ ಅದು ಹೆಚ್ಚು ದಿನ ತಡೆಯಬೇಕು. ಸಂಜೆ ಫೋನಿನಲ್ಲಿ ಹೋಲಿಸಬಹುದು.

ಶೇಂಗಾ, ಗೋವಿನಜೋಳ, ಮೆಣಸಿನಕಾಯಿ

ರೊಟ್ಟಿಯ ಪಾಠ ಹೊಲ, ಕಣಕ್ಕೆ ಬಂದಾಗ ಹಣದ ವಿಷಯ ಆಗುತ್ತದೆ. ಆರೋಗ್ಯದ ವಿಷಯವೂ ಹೌದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಬೂಷ್ಟು ಹಿಡಿದ ಶೇಂಗಾ ಹಿಂಡಿ ಅವುಗಳ ಮೇವಾಗಿತ್ತು. ಹುಡುಕಿದಾಗ ಸಿಕ್ಕ ವಿಷವೇ ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದನ್ನು ಮಾಡುತ್ತದೆ. ಅದು ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಬಂದ ಕಾಳನ್ನು ಚಟ್ನಿಪುಡಿಗೆ ಬೆರೆಸಿಬಿಡೋಣ ಅನ್ನುವ ಮಿತವ್ಯಯ ಬೇಡವೇ ಬೇಡ.

ಶೇಂಗಾ ಕಾಳಿನ ತೇವ 8 ಪ್ರತಿಶತದ ಒಳಗೆ ಬಂದರೆ ಈ ಬೂಷ್ಟಿಗೆ ಬೆಳೆಯಲು ಆಗುವುದಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದರೆ ಕಾಳು ಗಲಗಲ ಅನ್ನಬೇಕು. ಇದು ಹಳೆಯ ಪರೀಕ್ಷೆ, ಅಂದಾಜಿಗೆ ಸಾಕು.

ಹಾವೇರಿ ಕಡೆಯ ಗೋವಿನಜೋಳಕ್ಕೆ ಉಪ್ಪಿನ ಪರೀಕ್ಷೆ ಮಾಡಿ. ಉಪ್ಪನ್ನು ಹಂಚಿನ ಮೇಲೆ ಹುರಿದು ಪೂರ್ತಿ ಒಣಗಿಸಿ, ಆರಿಸಿ. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು ತುಂಬಿ, ಎರಡು ಚಮಚ ಉಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಕುಲುಕಿ. ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ 15 ಪ್ರತಿಶತಕ್ಕಿಂತ ಜಾಸ್ತಿ. ಇನ್ನೂ ಒಣಗಬೇಕು. ಅಂಟದಿದ್ದರೆ 15ಕ್ಕಿಂತ ಕಡಿಮೆ, ಅಷ್ಟೇ. ಬಹಳ ದಿನ ಇಡುವವರು ಇನ್ನೂ ಒಂದೆರಡು ಬಿಸಿಲು ಕೊಡುವುದು ಒಳ್ಳೆಯದು.

ಮೆಣಸಿನಕಾಯಿ ಕಣದಲ್ಲಿ ಹಗಲು ಒಣಗಿದ್ದು ರಾತ್ರಿ ಇಬ್ಬನಿಗೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸಿ, ಬಿಸಿಲು ಬಂದ ಮೇಲೆ ಹರಡಿ. ಬರೀ ನೆಲದ ಮೇಲಲ್ಲ, ತಾಡಪಾಲಿನ ಮೇಲೆ. ತೇವ 10-11 ಪ್ರತಿಶತಕ್ಕೆ ಇಳಿಯಬೇಕು. ಕಾಯಿ ಮುರಿಯಬಾರದು ಅಂತ ಚೀಲ ತುಂಬುವ ಮುನ್ನ ನೀರು ಚಿಮುಕಿಸುವ ರೂಢಿ ಕೆಲವು ಕಡೆ ಇದೆ. ಮೂರನೆಯ ಚೀಲದ ರೊಟ್ಟಿ ನೋಡಿದವರು ಹಾಗೆ ಮಾಡಲಾರರು. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜುಗಳಿವೆ. ಅಲ್ಲಿನ ತಂಪು ಬಣ್ಣ ಉಳಿಸುತ್ತದೆ, ಒಣಗಿಸುವ ಕೆಲಸ ಮಾತ್ರ ಕಣದಲ್ಲೇ ಮುಗಿದಿರಬೇಕು.

ಪುಗ್ಗದ ಪ್ರಯೋಗ: ಸಕ್ಕರೆ ಊಟವೂ ಹೌದು, ಬರವೂ ಹೌದು

ನಾಲ್ಕು ಸಣ್ಣ ಬಾಟಲಿ, ತಲಾ 100 ಮಿಲಿ ಬೆಚ್ಚಗಿನ ನೀರು, 35ರಿಂದ 40 ಡಿಗ್ರಿ. ತಲಾ ಅರ್ಧ ಟೀ ಚಮಚ ಬೇಕರಿ ಯೀಸ್ಟ್. ಮೊದಲನೆಯದಕ್ಕೆ ಬೇರೇನೂ ಇಲ್ಲ. ಎರಡನೆಯದಕ್ಕೆ ಒಂದು ಚಮಚ ಸಕ್ಕರೆ. ಮೂರನೆಯದಕ್ಕೆ ಒಂದು ಚಮಚ ಸಕ್ಕರೆ, ಎರಡು ಚಮಚ ಉಪ್ಪು. ನಾಲ್ಕನೆಯದಕ್ಕೆ ಹದಿನೈದು ಚಮಚ ಸಕ್ಕರೆ. ಬಾಯಿಗೆ ಪುಗ್ಗ ಸಿಕ್ಕಿಸಿ, ಅರ್ಧ ಗಂಟೆಗೊಮ್ಮೆ ಅದರ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಎರಡನೆಯದು ಚೆನ್ನಾಗಿ ಉಬ್ಬುತ್ತದೆ. ಮಕ್ಕಳು ನಾಲ್ಕನೆಯದೇ ಗೆಲ್ಲುತ್ತದೆ ಎಂದು ಪಣ ಕಟ್ಟುತ್ತಾರೆ, ಅದು ಹಿಂದೆ ಬೀಳುತ್ತದೆ. ಸಕ್ಕರೆ ಅಷ್ಟು ಜಾಸ್ತಿಯಾದರೆ ಯೀಸ್ಟಿನೊಳಗಿನ ನೀರು ಹೊರಗೆ ಬರುತ್ತದೆ.

ಗಾಳಿ

ಯೀಸ್ಟ್ ಗಾಳಿ ಇದ್ದರೂ ಇಲ್ಲದಿದ್ದರೂ ಬದುಕುತ್ತದೆ. ಬೂಷ್ಟಿಗೆ ಗಾಳಿ ಬೇಕೇ ಬೇಕು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಲ್ಲಿಸುವುದು ಅದಕ್ಕೇ. ಆದರೆ ಗಾಳಿ ಇಲ್ಲದ ಜಾಗವೇ ಬೇಕು ಅನ್ನುವವೂ ಇವೆ. ಕ್ಲೋಸ್ಟ್ರಿಡಿಯಮ್ ಬಾಟ್ಯುಲಿನಮ್ ಅಂಥದ್ದು, ಅದರ ವಿಷ ಪ್ರಾಣ ತೆಗೆಯುತ್ತದೆ. ಪಿಎಚ್ 4.6ರ ಕೆಳಗೆ ಅದು ಬೆಳೆಯುವುದಿಲ್ಲ. ಕೆಂಪು ಮೆಣಸಿನಕಾಯಿ ಅರೆದು ಮಾಡುವ ರಂಜಕದಲ್ಲಿ ಬೆಳ್ಳುಳ್ಳಿ, ಎಣ್ಣೆ ಇದ್ದರೂ ಲಿಂಬೆಹುಳಿ, ಉಪ್ಪು ಕಾಯುತ್ತವೆ. ಬಿಪಿ ಅಂತ ಉಪ್ಪು ಇಳಿಸಿ, ಗ್ಯಾಸ್ ಅಂತ ಹುಳಿಯನ್ನೂ ಇಳಿಸಿ, ಮೇಲೆ ಎಣ್ಣೆ ಸುರಿದು ಹೊರಗಿಟ್ಟರೆ ಅದು ರಂಜಕ ಆಗಿ ಉಳಿಯುವುದಿಲ್ಲ. ಹಾಗೆ ಮಾಡಬೇಕಾದರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು, ಕೆಲವೇ ದಿನದಲ್ಲಿ ಮುಗಿಸಿ.

ನಮ್ಮ ಹಿರಿಯರ ಹಗೇವು ಗಾಳಿಯ ಪಾಠವೇ. ನೆಲದೊಳಗಿನ ಆ ಕಣಜದಲ್ಲಿ ಜೋಳ ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು, ಬೂಷ್ಟು ಎರಡಕ್ಕೂ ಉಸಿರು ಕಟ್ಟುತ್ತದೆ. ಮನುಷ್ಯರಿಗೂ ಕಟ್ಟುತ್ತದೆ. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ.

ಗೋಬರ್ ಗ್ಯಾಸ್ ತೊಟ್ಟಿಯೊಳಗೂ ಗಾಳಿ ಬೇಡದವರದ್ದೇ ರಾಜ್ಯ. ಅವುಗಳಿಗೆ 35 ಡಿಗ್ರಿಯ ಸುತ್ತ ಹಿತ, ಪಿಎಚ್ 7ರ ಆಸುಪಾಸು. ಚಳಿಗಾಲದಲ್ಲಿ ಗ್ಯಾಸು ಕಡಿಮೆಯಾದರೆ ತೊಟ್ಟಿ ಕೆಟ್ಟಿದೆ ಅನ್ನಬೇಡಿ. ಸಗಣಿಯನ್ನು ಬಿಸಿಲಿಗೆ ಬೆಚ್ಚಗಾದ ನೀರಿನಲ್ಲಿ ಕಲಸಿ ಹಾಕಿ ನೋಡಿ.

ಬೆಳಕು

ಬಿಸಿಲಿನ ಅತಿನೇರಳೆ ಕಿರಣ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ತಿಳಿಯಾದ ನೀರನ್ನು ಬಣ್ಣವಿಲ್ಲದ ಪೆಟ್ ಬಾಟಲಿಯಲ್ಲಿ ತುಂಬಿ ಒಳ್ಳೆಯ ಬಿಸಿಲಿನಲ್ಲಿ 6 ಗಂಟೆ ಮಲಗಿಸಿದರೆ ಬಹುತೇಕ ರೋಗಾಣುಗಳು ಸಾಯುತ್ತವೆ. ಮೋಡ ಇದ್ದರೆ ಎರಡು ದಿನ. ಕದಡಿದ ನೀರಿಗೆ ಇದು ನಡೆಯದು. ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡಿಗೂ ಇದು ಮದ್ದಲ್ಲ.

ಉಪಕಾರಿ ಜೀವಿಗಳೂ ಬಿಸಿಲಿಗೆ ಸಾಯುತ್ತವೆ ಎಂಬುದನ್ನು ಬಿತ್ತನೆಯ ಹೊತ್ತಿಗೆ ನೆನಪಿಡಿ. ಹೆಸರು, ಶೇಂಗಾ, ಕಡಲೆಗೆ ರೈಜೋಬಿಯಂ (ಬೇರಿನಲ್ಲಿದ್ದು ಬೆಳೆಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚುವವರು ಆಯಾ ಬೆಳೆಯದೇ ಪೊಟ್ಟಣ ತರಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಪೊಟ್ಟಣವನ್ನು ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿಸಿ, ಅದರಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ, ಅದೇ ದಿನ ಬಿತ್ತಿ. ಬೂಷ್ಟು ಕೊಲ್ಲುವ ರಾಸಾಯನಿಕದ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಬೇಡಿ.

ಫಲ ಬೇರೆ ಬಂದರೆ

ಹೆಪ್ಪಿಲ್ಲದ ಹಾಲೂ ಗಟ್ಟಿಯಾಯಿತೇ? ಚಮಚ ಅದಲುಬದಲಾಗಿದೆ, ಇಲ್ಲವೇ ಬಟ್ಟಲಿಗೆ ಹಳೆಯ ಮೊಸರು ಅಂಟಿತ್ತು. ಬಟ್ಟಲು, ಚಮಚಗಳನ್ನು ಕುದಿಸಿ ಮತ್ತೆ ಮಾಡಿ. ಫ್ಲಾಸ್ಕಿನ ಹಾಲು ಎರಡನೇ ದಿನ ಒಡೆದರೆ ಅದು ಹೆಪ್ಪಿನ ಕೆಲಸ ಅಲ್ಲ. ಬಿಸಿ ತಡೆದ ಸ್ಪೋರುಗಳೋ ಗಾಳಿಯಿಂದ ಬಿದ್ದವೋ ಇರಬೇಕು. ಖಡಕ್ ರೊಟ್ಟಿಗೂ ಬೂಷ್ಟು ಬಂದರೆ ಅದು ನಡುವೆ ಒಣಗಿರಲಿಲ್ಲ ಎಂದರ್ಥ. ಪುಗ್ಗ ಯಾವುದೂ ಉಬ್ಬದಿದ್ದರೆ ಯೀಸ್ಟ್ ಹಳೆಯದು. ಒಂದೇ ಸಲ ಮಾಡಿದ್ದನ್ನು ನಂಬಬೇಡಿ, ಪ್ರತಿಯೊಂದನ್ನೂ ಮೂರು ಸಲವಾದರೂ ಮಾಡಿ.

ಮುಗಿದ ಮೇಲೆ

ಬೂಷ್ಟಿನ ಚೀಲಗಳನ್ನು ಬಿಚ್ಚದೆ ಇನ್ನೊಂದು ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ದನಕ್ಕೆ ಹಾಕಬೇಡಿ, ಆ ವಿಷಗಳು ಅವಕ್ಕೂ ವಿಷವೇ. ಹಾಲಿನ ಬಟ್ಟಲುಗಳನ್ನು ಸಾಬೂನಿನಿಂದ ತೊಳೆದು ಕುದಿಸಿ. ಕೆಟ್ಟ ಬೇಳೆಕಟ್ಟಿನ ಲೋಟಕ್ಕೆ ಬ್ಲೀಚಿಂಗ್ ಪುಡಿ ಕಲಸಿದ ನೀರು ತುಂಬಿ, ಅರ್ಧ ಗಂಟೆ ಬಿಟ್ಟು ಚೆಲ್ಲಿ. ಲಿಂಬೆರಸದ ಲೋಟಕ್ಕೆ ಮಾತ್ರ ಬ್ಲೀಚಿಂಗ್ ಬೇಡ. ಹುಳಿ ತಗುಲಿದರೆ ಕ್ಲೋರಿನ್ ಅನಿಲ ಬಿಡುತ್ತದೆ, ಕಣ್ಣು, ಗಂಟಲು ಉರಿಯುತ್ತದೆ. ಅದನ್ನು ಹಳೆಯ ಪಾತ್ರೆಗೆ ಸುರಿದು, ಕಿಟಕಿ ತೆಗೆದಿಟ್ಟು, ಹತ್ತು ನಿಮಿಷ ಕುದಿಸಿ ಚರಂಡಿಗೆ ಚೆಲ್ಲಿ. ಆಮೇಲೆ ಕೈ ತೊಳೆಯಿರಿ.